ದೇವರ ಕೋಣೆಯಲ್ಲಿ ಪಡೆದ ಒಪ್ಪಿಗೆ

ಮೊದಲೇ ಹೇಳಿಬಿಡುತ್ತೇನೆ: ಮುಂದೆ ಬರೆಯುವುದರಲ್ಲಿ ನಡೆದದ್ದೆಷ್ಟು, ನಾನು ಹೇಳಿ ಹೇಳಿ ನಡೆದಂತಾದದ್ದೆಷ್ಟು ಎಂಬುದು ನನಗೆ ಗೊತ್ತಿಲ್ಲ. ನೆನಪಿನ ವಿಷಯದಲ್ಲೇ ಡಾಕ್ಟರೇಟ್ ಪಡೆದವನು ಹೀಗನ್ನಬಾರದು. ಆದರೆ ನನ್ನ ಪದವಿಗೆ ಮೂಲವೇ ನನಗೆ ಚೆನ್ನಾಗಿ ನೆನಪಿರುವ, ಆದರೆ ನಾನು ನೋಡಿರಲು ಸಾಧ್ಯವೇ ಇಲ್ಲದ ಒಂದು ಹೋರಿ. ಮಂಗಸೂಳಿಯಲ್ಲಿ ನಮ್ಮ ಪಕ್ಕದ ಮನೆಯವರ ಶರ್ಯತ್ತಿನ, ಅಂದರೆ ಓಟದ ಪಂದ್ಯದ, ಹೋರಿ ಬಾವಿಗೆ ಬಿದ್ದಿತ್ತು. ಹೆಸರು ಸರ್ಜಾ. ನೀರಿನ ಮೇಲೆ ತೇಲುತ್ತಿದ್ದ ಅದರ ಮುಖ, ಕೊಂಬಿಗೆ ಕಟ್ಟಿದ ಕೆಂಪು ಗೊಂಡೆ, ಬಾವಿಯ ದಂಡೆಯಲ್ಲಿ ಅಪ್ಪನ ಬೆರಳು ಹಿಡಿದು ಬಗ್ಗಿ ನೋಡುತ್ತಿದ್ದ ನಾನು, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಮ್ಮೆ ಇದನ್ನು ಅಮ್ಮನಿಗೆ ವರ್ಣಿಸಿ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ, "ಅಪ್ಪಗ ಚಿಕ್ಕೋಡಿಯಿಂದ ಮಂಗಸೂಳಿ ಸಾಲಿಗೆ ವರ್ಗ ಆಗಿದ್ದೇ ಹೋರಿ ಬಿದ್ದ ಮರುವರ್ಷ" ಎಂದಳು. ಆ ದಿನದಿಂದ ನನ್ನ ತಲೆಯೊಳಗಿನ ಯಾವ ವಸ್ತುವನ್ನೂ ನಾನು ಮುಟ್ಟಿ ನೋಡದೆ ನಂಬಿಲ್ಲ. ಮುಟ್ಟಲು ಸಿಗುವವು ಕಡಿಮೆ ಎಂಬುದು ಬೇರೆ ಮಾತು.

ಇದೇ ತಲೆಹರಟೆಯನ್ನು ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಂಶೋಧನೆ ಎಂದು ಕರೆದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದೆ. ಒಂದೇ ಮನೆಯವರು ಒಂದೇ ಘಟನೆಯನ್ನು ಹೇಗೆ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ವಿಷಯ. ಮಾರ್ಗದರ್ಶಕರಿಗೆ ಹಿಡಿಸಿತು. ಶಿಷ್ಯವೇತನವೂ ಮಂಜೂರಾಯಿತು. ಅಷ್ಟರಲ್ಲಿ ಹೊರದೇಶದಲ್ಲಿ ಕೆಲವು ವರ್ಷ ಇದ್ದು ಬಂದ ಪ್ರಾಧ್ಯಾಪಕರೊಬ್ಬರು, ಮನುಷ್ಯರನ್ನು ಬಳಸಿ ಮಾಡುವ ಸಂಶೋಧನೆಗೆ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕೇಬೇಕು ಎಂದು ಹಟ ಹಿಡಿದು ಒಂದು ಸಮಿತಿಯನ್ನು ಕಟ್ಟಿಸಿದರು. ಅಧ್ಯಕ್ಷರು ಅವರೇ. ಕಟ್ಟಿದ ಮೇಲೆ ಪರಿಶೀಲಿಸಲು ಒಬ್ಬ ಮನುಷ್ಯ ಬೇಕಲ್ಲ, ನಾನು ಸಿಕ್ಕೆ. ಮಾರ್ಚ್ ಮುಗಿಯುವುದರೊಳಗೆ ಸಮಿತಿ ಒಪ್ಪದಿದ್ದರೆ ನನ್ನ ನೋಂದಣಿ ರದ್ದು, ಶಿಷ್ಯವೇತನವೂ ನಿಲ್ಲುತ್ತದೆ, ನಾನು ಚಿಕ್ಕೋಡಿಗೆ ಮರಳಿ ನಮ್ಮ ಮಾವನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿಯಬೇಕು. ಮಾವ ಆಗಲೇ ಗಲ್ಲಾಪೆಟ್ಟಿಗೆಯ ಪಕ್ಕ ನನಗೊಂದು ಹೊಸ ಗಾದಿ ಹೊಲಿಸಿ ಇಟ್ಟಿದ್ದ. ಅಷ್ಟು ನಂಬಿಕೆ ನನ್ನ ಮೇಲೆ.

ಸಮಿತಿಯಲ್ಲಿ ಅಧ್ಯಕ್ಷರಲ್ಲದೆ ಕಾನೂನಿನವರೊಬ್ಬರು, ಪ್ರಾಣಿಶಾಸ್ತ್ರದವರೊಬ್ಬರು ಇದ್ದರು. ಕಾನೂನಿನವರು ಪ್ರತಿ ವಾಕ್ಯಕ್ಕೂ "ಅಥವಾ ಅವರ ವಾರಸುದಾರರು" ಎಂದು ಸೇರಿಸಲು ಹೇಳಿದರು. ಪ್ರಾಣಿಶಾಸ್ತ್ರದವರಿಗೆ ಅಲ್ಲಿಯವರೆಗೆ ಇಲಿಗಳ ಅನುಭವ ಮಾತ್ರ. ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುವಿ ಗಂಭೀರವಾಗಿ, "ಪ್ರಯೋಗ ಮುಗಿದ ಮೇಲೆ ಇವರನ್ನೇನು ಮಾಡುತ್ತೀರಿ?" ಎಂದು ಕೇಳಿದರು. "ಬಿಟ್ಟುಬಿಡುತ್ತೇನೆ ಸರ್" ಎಂದೆ. ಅವರಿಗೆ ಸಮಾಧಾನವಾಯಿತು. ಈ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ, ನಮ್ಮ ಮದುವೆಯಾದ ಹೊಸದರಲ್ಲಿ ನಗಿಸುವುದಕ್ಕೆಂದು ನಾನೇ ಹುಟ್ಟಿಸಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಅವರು ಕೇಳಬಹುದಾದ ಮನುಷ್ಯ ಎಂಬುದಕ್ಕೆ ನಾನು ಜವಾಬ್ದಾರ.

ಅಧ್ಯಕ್ಷರು ಮಾತ್ರ ಕೆಟ್ಟವರಲ್ಲ. ಅವರ ಬೇಡಿಕೆ ಸ್ಪಷ್ಟವಾಗಿತ್ತು. ಮೊದಲು ಒಂದು ಮನೆಯಲ್ಲಿ ಮಾಡಿ ತೋರಿಸು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ವಿಷಯ ತಿಳಿಸಿ ಒಪ್ಪಿಗೆ ಪಡೆ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು. ಹೆಸರು ಎಲ್ಲೂ ಬರಬಾರದು. ಯಾರಿಗೂ ಆಮಿಷ ಒಡ್ಡಬಾರದು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಕೊಡದೆ ಹಿಂದೆ ಸರಿಯಬಹುದು. ಸರಿದರೆ ಅವರು ಹೇಳಿದ ಒಂದಕ್ಷರವನ್ನೂ ಬಳಸುವಂತಿಲ್ಲ. ಕೊನೆಗೆ, ಈ ಅಧ್ಯಯನದಿಂದ ಭಾಗವಹಿಸುವವರಿಗೆ ಏನಾದರೂ ಹಾನಿ ಇದೆಯೇ? ನಾನು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ "ಇಲ್ಲ" ಎಂದು ನಿರ್ಧರಿಸಿದ್ದೆ. ನಾನು ಆರಿಸಿಕೊಂಡದ್ದು ಸರ್ಜಾನ ಮನೆಯನ್ನೇ, ಆ ಹೋರಿ ಬಾವಿಗೆ ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಯಾರಿಗೆ ಏನು ಹಾನಿ?

ಒಪ್ಪಿಗೆ ಎಂಬುದನ್ನು ಬಾಯಿಬಿಟ್ಟು ಕೇಳುವ ರೂಢಿ ನಮ್ಮ ಕಡೆ ಇಲ್ಲವೆಂಬುದು ನನಗೆ ಗೊತ್ತಿರಬೇಕಿತ್ತು. ಚಹಾ ಕುಡಿದರೆ ಒಪ್ಪಿದ ಹಾಗೆ. "ಈಗಷ್ಟೇ ಆಗೇತ್ರಿ" ಎಂದು ಕಪ್ಪು ಸರಿಸಿದರೆ ಇಲ್ಲವೆಂದ ಹಾಗೆ. ನನ್ನ ಮದುವೆ ನಿಶ್ಚಯವಾದಾಗಲೂ ಹಿರಿಯರೆಲ್ಲ ಮಾತು ಮುಗಿಸಿ, ಸಕ್ಕರೆ ಹಂಚಿ, ಎಲೆ ಅಡಿಕೆ ಹಾಕಿಕೊಂಡ ಮೇಲೆ ಯಾರೋ ನನ್ನ ಕಡೆ ತಿರುಗಿ, "ಏನೋ, ಹೂಂ ಅಂತೀಯಲಾ?" ಎಂದಿದ್ದರು. ಬಾಯಲ್ಲಿ ಸಕ್ಕರೆ ಇದ್ದುದರಿಂದ ನಾನು ಹೂಂ ಎಂದೆನೋ ಬರೀ ನುಂಗಿದೆನೋ ಹೇಳಲಾರೆ. ಅಂಥ ನಾಡಿಗೆ ನಾನು ಟೈಪು ಮಾಡಿಸಿದ ಒಪ್ಪಿಗೆ ಪತ್ರಗಳನ್ನು ಬಗಲಿಗೆ ಹಾಕಿಕೊಂಡು ಅಥಣಿಯಿಂದ ಮಂಗಸೂಳಿಯ ಬಸ್ಸು ಹತ್ತಿದೆ.

ಮನೆಯಲ್ಲಿ ನಾಲ್ವರು. ಯಜಮಾನ ಬಾಳಣ್ಣ, ಕಬ್ಬು ಮತ್ತು ದ್ರಾಕ್ಷಿ ತೋಟದವನು. ಅವನ ಹೆಂಡತಿ ಶೇವಂತಾ, ನಾನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ಅವನ ತಮ್ಮ ಸಿದ್ದು. ಇವರೆಲ್ಲರ ಮೇಲೆ ಆಯಿ, ಬಾಳಣ್ಣನ ತಾಯಿ ಗಂಗವ್ವ. ಅವಳ ಲೆಕ್ಕದಲ್ಲಿ ನಾನು ಎಷ್ಟು ಓದಿದರೂ 'ಮಾಸ್ತರ ಮಗ'. ಆಮಿಷ ಒಡ್ಡಬಾರದು ಎಂಬ ನಿಯಮ ಹೊಸ್ತಿಲಲ್ಲೇ ತಲೆಕೆಳಗಾಯಿತು. ನಾನು ಅವರಿಗೆ ಏನೂ ಕೊಡಲಿಲ್ಲ, ನಿಜ. ಆದರೆ ಅವರು ನನಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದರು. ಇಷ್ಟು ತಿಂದ ಸಂಶೋಧಕನ ತಟಸ್ಥತೆಯ ಬಗ್ಗೆ ಸಮಿತಿಯ ನಿಯಮಗಳಲ್ಲಿ ಯಾವ ಕಲಮೂ ಇರಲಿಲ್ಲ.

ಉಂಡು ಎದ್ದ ಮೇಲೆ ಪಡಸಾಲೆಯಲ್ಲಿ ಪತ್ರ ಓದಿದೆ. ಕಾರಣ ಕೊಡದೆ ಹಿಂದೆ ಸರಿಯಬಹುದು ಎಂಬಲ್ಲಿಗೆ ಬಂದಾಗ ಬಾಳಣ್ಣನ ಮುಖ ಗಡುಸಾಯಿತು.

"ಮಾತ ಕೊಟ್ಟು ಹಿಂದ ಸರಿಯೋ ಮಂದಿ ಅಂತ ಬರಕೊಂಡ ಬಂದೀಯೇನೋ ತಮ್ಮಾ ನಮ್ಮನ್ನ?"

"ನಿಮ್ಮನ್ನಲ್ಲ ಬಾಳಣ್ಣ, ಎಲ್ಲಾರ್ಗೂ ಹಂಗೇ ಬರಿಯೂದು."

"ಎಲ್ಲಾರ್ಗೂ ಬರಿ. ನಮಗ ಬ್ಯಾಡ. ಅದನ್ನ ಹೊಡದ ಹಾಕು."

ಹೆಸರು ಗುಪ್ತವಾಗಿಡುತ್ತೇನೆ ಎಂದಾಗ ಅವನಿಗೆ ಇನ್ನಷ್ಟು ಬೇಸರವಾಯಿತು. "ಹೆಸರ ಹಾಕೂದಿಲ್ಲಂದ್ರ ಯಾಕ ಹೇಳ್ಬೇಕು? ನನ್ನದ ಬ್ಯಾಡ ಬಿಡು, ಸರ್ಜಾನ ಹೆಸರಾದ್ರೂ ಹಾಕು." ಹೋರಿಯ ಹೆಸರನ್ನು ಗುಪ್ತವಾಗಿಡಬೇಕೆಂದು ಸಮಿತಿ ಹೇಳಿರಲಿಲ್ಲವಾದ್ದರಿಂದ ಅದಕ್ಕೆ ಒಪ್ಪಿದೆ. ಅಷ್ಟರಲ್ಲಿ ಸಹಿ ಮಾಡಿಸುವ ಸುದ್ದಿ ಹೊರಗೆ ಹೋಗಿತ್ತು. ಹಿಂದಿನ ಓಣಿಯ ಮುದುಕರೊಬ್ಬರು ಬಾಗಿಲಲ್ಲಿ ನಿಂತು, "ಕುಠಲ್ಯಾ ಬಾಜೂಚಂ ಹೋ ಹೇ?" ಎಂದು ಮರಾಠಿಯಲ್ಲಿ ವಿಚಾರಿಸಿದರು. ಗಡಿಯ ಊರು, ಸಹಿ ಎಂದರೆ ಊರು ಈ ರಾಜ್ಯಕ್ಕೋ ಆ ರಾಜ್ಯಕ್ಕೋ ಎಂಬುದೇ ಅವರ ಚಿಂತೆ. ಇದು ಯಾವ ಬಾಜೂದು, ಯಾವ ಕಡೆಯದು ಎಂದು ಕೇಳುತ್ತಿದ್ದರು. "ಹೋರೀ ಬಾಜೂದು ಕಾಕಾ" ಎಂದ ಸಿದ್ದು. ಅವರು ತಲೆಯಾಡಿಸುತ್ತ ಹೋದರು. ಆಯಿ ಮಾತ್ರ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. "ಬಾಯಿಲೆ ಹೇಳ್ತೀನಿ. ಹೆಬ್ಬಟ್ಟ ಒತ್ತಂಗಿಲ್ಲ. ಹೆಬ್ಬಟ್ಟ ಒತ್ತಿ ಹೊಲಾ ಕಳಕೊಂಡ ಮಂದೀನ್ನ ಬೇಕಾದಷ್ಟ ನೋಡೇನಿ."

"ನಿಮ್ಮ ಹೊಲ ತಗೊಂಡು ನಾನೇನ್ ಮಾಡ್ಲಿ ಆಯಿ?"

"ಅದನ್ನ ಎಲ್ಲಾರೂ ಮೊದಲ ಹಂಗೇ ಅಂತಾರ."

ಇಷ್ಟಾಗಿ ಮಾತು ಶುರುವಾಯಿತು, ನಾಲ್ವರೂ ಒಟ್ಟಿಗೆ. ಅವತ್ತು ಅಮಾಸಿ ಇತ್ತು ಎಂದು ಸಿದ್ದು. ಅಮಾಸಿ ಎಲ್ಲಿಂದ ಬಂತಲೇ, ಸಂತಿ ಇತ್ತು ಎಂದು ಬಾಳಣ್ಣ. ಬಾವಿಗೆ ಜಿಗಿದು ಹೋರಿಯ ಹೊಟ್ಟೆಗೆ ಹಗ್ಗ ಹಾಕಿದವನು ತಾನೇ ಎಂದು ಸಿದ್ದು. "ನೀ ಅವ್ವನ ಸೆರಗ ಹಿಡಕೊಂಡ ಅಳಾಕತ್ತಿದ್ದೀ, ಆಗಿನ್ನೂ ಚಡ್ಡಿ ಸುದ್ದಾ ನೆಟ್ಟಗ ಹಾಕೊಳ್ಳಾಕ ಬರ್ತಿರಲಿಲ್ಲ" ಎಂದು ಬಾಳಣ್ಣ. ಒಂದರ ಮೇಲೆ ಮಾತ್ರ ಎಲ್ಲರದೂ ಒಮ್ಮತ: ಹಗ್ಗ ಬಿಚ್ಚಿ ಬಿಟ್ಟವಳು ಶೇವಂತಾ. ಆಗ ಅವಳು ಹೊಸ ಸೊಸೆ. ಹೋರಿ ಬದುಕಿತು, ಆದರೆ ಒಂದು ಕಾಲು ಕುಂಟಾಗಿ ಮತ್ತೆಂದೂ ಶರ್ಯತ್ತಿಗೆ ಇಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಹಾಲು ಉಕ್ಕಿದರೂ, ಕೀಲಿ ಕಳೆದರೂ, ದ್ರಾಕ್ಷಿಗೆ ಬೂದಿ ರೋಗ ಬಂದರೂ "ಹೋರಿ ಬಿಟ್ಟಾಕಿ ಇದ್ದಾಳಲ್ಲ" ಎಂದು ನಗುವುದು ರೂಢಿ. ನಾನೂ ಚಿಕ್ಕಂದಿನಲ್ಲಿ ನಕ್ಕಿದ್ದೇನೆ. ವೈನಿ ಆಗಲೂ ನಗುತ್ತಿದ್ದಳು, ಈಗಲೂ ನಕ್ಕಳು, ನಕ್ಕು ಒಳಗೆ ಹೋದಳು.

ನಾನು ಸಮಿತಿಯನ್ನು ನೆನೆದು ಎದ್ದು ನಿಂತೆ. ಹೀಗಲ್ಲ, ಒಬ್ಬೊಬ್ಬರೇ ಹೇಳಬೇಕು, ಬಾಗಿಲು ಹಾಕಿಕೊಂಡು ಎಂದೆ.

"ಬಾಗ್ಲಾ ಹಾಕ್ಕೊಂಡ ಕೇಳಾಕ ನೀ ಏನ್ ಫೌಜ್ದಾರ ಆಗೀಯೇನೋ ಮಾಸ್ತರ ಮಗನ?" ಎಂದಳು ಆಯಿ.

ಇಡೀ ಮನೆಯಲ್ಲಿ ಬಾಗಿಲು ಇದ್ದ ಕೋಣೆ ಒಂದೇ, ದೇವರ ಕೋಣೆ. ಅಲ್ಲಿ ಮಲ್ಲಯ್ಯನ ಮೂರ್ತಿ, ಅದರ ಮುಂದೆ ಹಿತ್ತಾಳೆಯ ಬಟ್ಟಲಲ್ಲಿ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ. ಆ ಭಾಗದಲ್ಲಿ ಭಂಡಾರ ಕೈಯಲ್ಲಿ ಎತ್ತಿ ಹೇಳಿದ ಮಾತಿಗೆ ಕೋರ್ಟಿನಲ್ಲಿ ಆಡಿದ್ದಕ್ಕಿಂತ ಹೆಚ್ಚಿನ ಬೆಲೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಹಾಸ್ಟೆಲಿನಲ್ಲಿ ಅಮಾವಾಸ್ಯೆಯ ದಿನ ನಿಂಬೆಹಣ್ಣು ತುಳಿದು ತೋರಿಸುವ ಗುಂಪಿನ ಮುಂದಾಳು ನಾನೇ. ಆದ್ದರಿಂದ ನಿಶ್ಚಿಂತೆಯಿಂದ ಮಲ್ಲಯ್ಯನ ಕಡೆ ಬೆನ್ನು ಹಾಕಿ ಕುಳಿತೆ.

ಬಾಳಣ್ಣನೂ ಸಿದ್ದುವೂ ಹೊರಗೆ ಹೇಳಿದ್ದನ್ನೇ ಒಳಗೂ ಹೇಳಿದರು, ತಮ್ಮ ತಮ್ಮ ಶೌರ್ಯವನ್ನು ತುಸು ಹೆಚ್ಚಿಸಿ. ವೈನಿ ಬಂದು ಬಾಗಿಲ ಬಳಿಯೇ ಕುಳಿತಳು. ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತಿದ್ದಳು.

"ನಾ ಕಟ್ಟಿದ್ದೆ ಅಂತ ನನಗ ಆಗ ಅನಸ್ತಿತ್ರಿ. ಗಂಟ ಹಾಕಿದ್ದು ಕೈಗೆ ನೆನಪಿತ್ತು. ಆದ್ರ ಎಲ್ಲಾರೂ ನೀ ಬಿಟ್ಟೀ, ನೀ ಬಿಟ್ಟೀ ಅಂದ್ರು. ಕೇಳಿ ಕೇಳಿ ಈಗ ನನಗೂ ಹಂಗೇ ಕಾಣತೈತ್ರಿ. ಹಗ್ಗಾ ಬಿಚ್ಚಾಕತ್ತೇನಿ, ನನ್ನ ಹಸರ ಬಳಿ ಸುದ್ದಾ ಕಾಣತಾವು."

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಕನಿಕರದಿಂದ ಎಂದು ಹೇಳಿಕೊಳ್ಳಬಹುದು, ಆದರೆ ಅಲ್ಲ. ಪ್ರಬಂಧದ ಅತ್ಯುತ್ತಮ ಅಧ್ಯಾಯ ನನ್ನೆದುರು ಹಸಿರು ಬಳೆ ತೊಟ್ಟು ಕುಳಿತಿತ್ತು. ನಾನು ಮಾವನ ಗಾದಿಯಿಂದ ಪಾರಾದೆ ಎಂದೇ ಅನಿಸಿತು.

ಕೊನೆಗೆ ಆಯಿ ಬಂದಳು. ಬಾಗಿಲ ಚಿಲಕವನ್ನು ತಾನೇ ಹಾಕಿ, ಮಲ್ಲಯ್ಯನ ಪಕ್ಕದಲ್ಲಿ ನ್ಯಾಯಾಧೀಶರಂತೆ ಕುಳಿತಳು.

"ಇಲ್ಲಿ ಅಂದದ್ದು ಹೊರಗ ಹೋಗೂದಿಲ್ಲ ಅಂತ ಓದಿದ್ಯಲಾ, ಖರೇ ಏನು?"

"ಖರೇ ಆಯಿ."

"ನನ್ನ ಮಗ ಬಾಳ್ಯಾಗೂ ಹೇಳೂದಿಲ್ಲ?"

"ಯಾರಿಗೂ ಇಲ್ಲ."

"ಹಂಗಾರ ಕೇಳು. ಹೋರಿ ಬಿಟ್ಟಾಕಿ ಶೇವಂತಾ ಅಲ್ಲ. ನಾ." ಮಜ್ಜಿಗೆಗೆ ಉಪ್ಪು ಹಾಕಿದ್ದು ನಾನು ಎಂಬಷ್ಟೇ ಸಲೀಸಾಗಿ ಹೇಳಿದಳು. "ನೀರ ಕುಡಸಾಕ ಬಿಚ್ಚಿದೆ. ಬೇಲಿ ಆಕಡಿಂದ ಯಾರೋ ಮಾತಾಡಸಿದ್ರು. ಮಾತಿಗೆ ನಿಂತೆ. ತಿರುಗಿ ನೋಡೂದ್ರಾಗ ಹೋರಿ ಇಲ್ಲ."

"ಆಗಲೇ ಯಾಕ ಹೇಳಲಿಲ್ಲ?"

"ಅತ್ತಿ ಆಗಿ ಇನ್ನೂ ಹೊಸದು. ಬಂದ ಸೊಸಿ ಮುಂದ ಅಷ್ಟ ಲಗೂನ ಸಣ್ಣಾಕಿ ಆಗ್ಲೇನು? ನಾಳಿಗಿ ಹೇಳಿದ್ರಾತು ಅಂದೆ. ನಾಳಿ ನಾಳಿ ಅಂತ ಆಕೀಗೆ ಕೂದಲಾ ಬೆಳ್ಳಗಾಗಾಕತ್ತಾವು." ನನ್ನ ಬಗಲಿನ ಪತ್ರಗಳತ್ತ ಕಣ್ಣು ಹಾಯಿಸಿದಳು. "ಯಾವಾಗ ಬೇಕಾದ್ರೂ ಹಿಂದ ಸರೀಬೌದು ಅಂತ ಬರದೀಯಲಾ?"

"ಬರದೇನಿ."

"ಕಾರಣಾ ಹೇಳೂದ ಬ್ಯಾಡ?"

"ಬ್ಯಾಡ."

"ಹಂಗಾರ ನಾ ಹಿಂದ ಸರದೆ. ಭಂಡಾರ ಎತ್ತು, ಯಾರ ಮುಂದೂ ಅನ್ನಂಗಿಲ್ಲ ಅಂತ."

ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ತಿಂಗಳುಗಟ್ಟಲೆ ಕೂತು ತಿದ್ದಿದ ನಿಯಮವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರನ್ನು ನಾನು ಮತ್ತೆ ಕಂಡಿಲ್ಲ. ನಾನು ವಾದಿಸಿದೆ. ನನ್ನ ಪದವಿ, ಶಿಷ್ಯವೇತನ, ಮಾವನ ಅಂಗಡಿ ಎಲ್ಲ ಹೇಳಿದೆ. ಬಟ್ಟೆ ಅಂಗಡಿಯೂ ಒಳ್ಳೆಯ ಉದ್ಯೋಗವೇ ಎಂದಳು. ದೇವರನ್ನು ನಂಬುವುದಿಲ್ಲ ಎಂದೂ ಹೇಳಿದೆ. "ನಂಬದಿದ್ರ ಎತ್ತಾಕ ಅಂಜಿಕಿ ಯಾಕ?" ಎಂದಳು. ಎತ್ತಿದೆ. ಅಂಗೈ ಹಳದಿಯಾಯಿತು, ಆ ಕೈಯಲ್ಲೇ ಹಿಡಿದ ಪತ್ರಗಳೂ.

ಸಮಿತಿಯ ಮುಂದೆ ಹೋದಾಗ ನನ್ನ ಕಥೆ ಮುಗಿಯಿತು ಎಂದೇ ಇದ್ದೆ. ನಾಲ್ವರಲ್ಲಿ ಒಬ್ಬರು ಹಿಂದೆ ಸರಿದರು, ಕಾರಣ ಕೊಡಲಿಲ್ಲ, ಅವರ ಮಾತನ್ನು ಅಳಿಸಿದ್ದೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. ನೋಡಿದಿರಾ, ಒಬ್ಬರು ನಿರಾಕರಿಸಿದ್ದಾರೆ ಎಂದರೆ ಉಳಿದವರ ಒಪ್ಪಿಗೆ ಸ್ವಂತ ಇಚ್ಛೆಯದು ಎಂದಾಯಿತು, ನಮ್ಮ ಕಲಮು ಕೆಲಸ ಮಾಡುತ್ತಿದೆ ಎಂದು ಉಳಿದಿಬ್ಬರ ಕೈಕುಲುಕಿದರು. ಪ್ರಾಣಿಶಾಸ್ತ್ರದವರು, ಯಾವ ಇಲಿಯೂ ಹೀಗೆ ಹಿಂದೆ ಸರಿದದ್ದಿಲ್ಲ ಎಂದು ಅಸೂಯೆಯಿಂದ ಹೇಳಿದ ಹಾಗೆ ನೆನಪು. ಒಪ್ಪಿಗೆ ಸಿಕ್ಕಿತು. ಪತ್ರಗಳ ಮೇಲಿನ ಹಳದಿ ಕಲೆ ಊಟದ್ದೆಂದು ಭಾವಿಸಿ ಕ್ಷಮಿಸಿದರು. ನಿಪ್ಪಾಣಿ, ರಾಯಬಾಗ, ಕಾಗವಾಡ ಕಡೆಯ ಇನ್ನಷ್ಟು ಮನೆಗಳನ್ನು ಸುತ್ತಿ ಪ್ರಬಂಧ ಬರೆದೆ. ಅದರಲ್ಲಿ, ಹೆಸರಿಲ್ಲದ ಒಬ್ಬ ಸೊಸೆ ಹೋರಿಯ ಹಗ್ಗ ಬಿಚ್ಚಿದ್ದಾಳೆ. ಹಾಗೆಯೇ ಬರೆಯಬೇಕಾಗಿ ಬಂತು. ಅದನ್ನು ಸುಳ್ಳಾಗಿಸುವ ಏಕೈಕ ಸಾಕ್ಷಿ ಹಿಂದೆ ಸರಿದಿತ್ತು. ಹಾನಿ ಇಲ್ಲ ಎಂದು ಬರೆದ ಉತ್ತರವೂ ಹಾಗೆಯೇ ಉಳಿಯಿತು. ಡಾಕ್ಟರ್ ಎಂದು ಯಾರಾದರೂ ಕರೆದಾಗೆಲ್ಲ ಆ ಹಸಿರು ಬಳೆ ಸದ್ದು ಮಾಡುತ್ತಿತ್ತು.

ಕೆಲವು ವರ್ಷಗಳ ಮೇಲೆ ಆಯಿ ತೀರಿಕೊಂಡ ಸುದ್ದಿ ತಿಳಿದು ಮಂಗಸೂಳಿಗೆ ಹೋದೆ. ಪಡಸಾಲೆಯಲ್ಲಿ ಮೂವರೂ ಇದ್ದರು. ಎತ್ತಿಸಿದವಳೇ ಇಲ್ಲದ ಮೇಲೆ ಆಣೆಯ ಅವಧಿ ಮುಗಿಯಿತೋ, ಅಥವಾ ಆಕೆಯ ವಾರಸುದಾರರಿಗೆ ಹೋಗುತ್ತದೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆ. ವೈನಿ ಚಹಾ ತಂದಿಟ್ಟಾಗ ಬಾಯಿಗೆ ಬಂದದ್ದಿಷ್ಟೇ: "ವೈನಿ, ಆ ಹೋರಿ ವಿಷಯ..."

"ಆಯಿ ಬಿಟ್ಟದ್ದು. ಗೊತ್ತೈತ್ರಿ" ಎಂದಳು ವೈನಿ. "ನೀವು ಹೋದ ಮರುದಿನಾನೇ ದೇವರ ಕ್ವಾಣ್ಯಾಗ ಕರದು, ಚಿಲಕಾ ಹಾಕಿ ಹೇಳಿದ್ಳು. ಯಾರ ಮುಂದೂ ಅನಬ್ಯಾಡ ಅಂತ ಭಂಡಾರ ಎತ್ತಿಸಿದ್ಳು."

ಬಾಳಣ್ಣ ಕಪ್ಪನ್ನು ಕೆಳಗಿಟ್ಟ. "ನಿನಗೂ ಎತ್ತಿಸಿದ್ಳಾ? ನನಗ ಒಬ್ಬಗ ಅಂತ ಹೇಳಿದ್ಳಲ್ಲ."

ಸಿದ್ದು ತನ್ನ ಅಂಗೈ ನೋಡಿಕೊಂಡ. ಒಂದೇ ಸೂರಿನಡಿ ಮೂವರು ಅಷ್ಟು ವರ್ಷ ಒಬ್ಬರಿಂದೊಬ್ಬರು ಒಂದೇ ಗುಟ್ಟನ್ನು ಕಾಪಾಡಿದ್ದರು. ಪ್ರತ್ಯೇಕ ಕೋಣೆ, ಪ್ರತ್ಯೇಕ ಒಪ್ಪಿಗೆ, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ. ಸಮಿತಿ ಕನಸಿನಲ್ಲಿ ಕಂಡದ್ದನ್ನು ಆಯಿ ಆ ಮನೆಯಲ್ಲಿ ನಡೆಸಿ ತೋರಿಸಿದ್ದಳು.

"ಮತ್ತ ಇವತ್ತ ನೀ ಹೆಂಗ ಅಂದಿ?" ಎಂದ ಬಾಳಣ್ಣ, ಗಾಬರಿಯಿಂದ. "ಭಂಡಾರ ಎತ್ತಿದ್ದಿ ಬೇ."

ವೈನಿ ನಕ್ಕಳು. "ಅದು ಭಂಡಾರ ಅಲ್ಲ. ಬಟ್ಟಲಾ ಖಾಲಿ ಆಗಿತ್ತು. ಗುಡಿಗೆ ಹೋಗಿ ತರಾಕ ಪುರಸೊತ್ತ ಇರಲಿಲ್ಲ, ನಾನೇ ಅಡಗಿ ಅರಿಷಿಣಾ ತುಂಬಿಟ್ಟಿದ್ದೆ. ನಿಮಗೆಲ್ಲಾರ್ಗೂ ಅದೇ."

"ಅವ್ವಗ ಗೊತ್ತಿತ್ತೇನು?" ಎಂದ ಸಿದ್ದು.

"ಆಕೀಗೆ ಗೊತ್ತಿರಲಾರದ್ದು ಈ ಮನ್ಯಾಗ ಏನಿತ್ತು?"

ನನಗೆ ಹಗುರಾಯಿತು. ಈಗ ಎಲ್ಲ ಸರಿಹೋಯಿತಲ್ಲ ವೈನಿ, ನೀವು ಬಿಟ್ಟಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತಲ್ಲ ಎಂದೆ. ಅವಳು ಖಾಲಿ ಕಪ್ಪುಗಳನ್ನು ಜೋಡಿಸುತ್ತ, "ಗೊತ್ತಾತ್ರಿ. ಆದ್ರೂ ಕಣ್ಣ ಮುಂದ ಇನ್ನೂ ನಾನೇ ಬಿಚ್ಚಾಕತ್ತಿರ್ತೀನಿ" ಎಂದಳು. ಬಾಳಣ್ಣ ಕಪ್ಪುಗಳ ತಾಟನ್ನು ಅವಳ ಕೈಯಿಂದ ಇಸಿದುಕೊಂಡು ತಾನೇ ಒಳಗೆ ಒಯ್ದ. ಅವನು ಅಡಿಗೆಮನೆಗೆ ತಾಟು ಒಯ್ದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅಥವಾ ನೋಡಿ ಮರೆತಿರಬಹುದು.

ನಾನು ಎತ್ತಿದ್ದು ಅಡಿಗೆಯ ಅರಿಷಿಣ, ಅದಕ್ಕೆ ಆಣೆಯ ಬಲವಿಲ್ಲ ಎಂಬ ಧೈರ್ಯದ ಮೇಲೆ ಇಷ್ಟೆಲ್ಲ ಬರೆದೆ. ಬರೆದು ಮುಗಿಸಿದ ಮೇಲೆ ನನ್ನ ಹಳೆಯ ಚಟ ಸುಮ್ಮನಿರಲಿಲ್ಲ. ಮುಟ್ಟಿ ನೋಡಬೇಕಲ್ಲ. ಹೋದ ವಾರ ಮಂಗಸೂಳಿಗೆ ಹೋಗಿ ಗುಡಿಯ ಮುಂದಿನ ಅಂಗಡಿಯಲ್ಲಿ ಅರಿಷಿಣ ಕೇಳಿದೆ. "ದೇವರಿಗೋ ಅಡಗಿಗೋ?" ಎಂದ ಅಂಗಡಿಯವನು. ಎರಡೂ ಕೊಡು, ಏನು ಫರಕು ನೋಡೋಣ ಎಂದೆ. ಅವನು ಎರಡು ಪುಡಿಕೆ ಕಟ್ಟಿ ನನ್ನ ಮುಂದಿಟ್ಟ. ಇಲ್ಲಿ ಹೇಳಿದ್ದರಲ್ಲಿ ನಾನು ಕಣ್ಣಾರೆ ಕಂಡು, ಕೇಳಿ, ಖಾತ್ರಿ ಮಾಡಿಕೊಂಡ ಸಂಗತಿ ಇದೊಂದೇ: ಅವನು ಎರಡನ್ನೂ ಒಂದೇ ಚೀಲದಿಂದ ತೆಗೆದ.